ಹುಳುವಿಗೆ ಜ್ವರ ಬರುವುದಿಲ್ಲವೇ?

ರಾಮನಗರದ ಕಡೆ ರೀಲರ್ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಹರಾಜಿನಲ್ಲಿ ಕೊಂಡು ತಂದು ನೂಲು ಬಿಚ್ಚಿಸುವವರು. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಅಂಥ ಒಬ್ಬ ಹಳೆಯ ಗೆಳೆಯರ ಮನೆಗೆ ಕಳೆದ ವರ್ಷ ಹೋಗಿದ್ದೆವು. ಚಹಾ ಬರುವಷ್ಟರಲ್ಲಿ ಅವರ ಮಗಳು, ಐದನೇ ತರಗತಿಯ ಹುಡುಗಿ, ಒಂದು ಉತ್ತರ ಪತ್ರಿಕೆ ತಂದು ನಮ್ಮ ಮುಂದೆ ಇಟ್ಟಳು. "ಚಾಚಾ, ನೀವು ಕತೆ ಬರೀತೀರಲ್ಲ, ಇದು ತಪ್ಪಾ ಹೇಳಿ" ಎಂದಳು.

ಪ್ರಶ್ನೆ ಹೀಗಿತ್ತು: ನಿನಗೆ ಗೊತ್ತಿರುವ ಒಂದು ಕೀಟದ ಜೀವನ ಚಕ್ರವನ್ನು ಬರೆ. ಐದು ಅಂಕ. ಹುಡುಗಿ ರೇಷ್ಮೆ ಹುಳುವಿನ ಬಗ್ಗೆ ಬರೆದಿದ್ದಳು. ಅವಳ ನಾನಿಯ ಊರಿನಲ್ಲಿ ಹುಳು ಮನೆ ಇದೆ, ರಜೆಯೆಲ್ಲ ಅವಳಿಗೆ ಅಲ್ಲೇ. ಮೊಟ್ಟೆ ಒಡೆದ ಮೇಲೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು ಎಂದು ಬರೆದಿದ್ದಳು. ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ, ಜ್ವರಕ್ಕೆ ಕೂತಾಗ ಅದು ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನಿರುತ್ತದೆ, ಆಗ ಸೊಪ್ಪು ಹಾಕಬಾರದು ಎಂದು ಬರೆದಿದ್ದಳು. ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳಿಸುತ್ತದೆ, ಆಮೇಲೆ ಹುಳು ಹಣ್ಣಾಗುತ್ತದೆ, ಹಣ್ಣಾದದ್ದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು, ಅದು ಗೂಡು ಕಟ್ಟುತ್ತದೆ. ಕೊನೆಯ ಸಾಲು: ಗೂಡನ್ನು ಹಾಗೇ ಬಿಟ್ಟರೆ ಚಿಟ್ಟೆ ಬರುತ್ತದೆ, ಆದರೆ ಯಾರೂ ಬಿಡುವುದಿಲ್ಲ, ಚಿಟ್ಟೆ ಬಂದರೆ ನೂಲು ತುಂಡಾಗುತ್ತದೆ.

ಇಷ್ಟು ಬರೆದ ಮಗುವಿಗೆ ಐದಕ್ಕೆ ಒಂದು ಅಂಕ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಟೀಚರ ಷರಾ: "ಹುಳುವಿಗೆ ಜ್ವರ ಬರುವುದಿಲ್ಲ. ಪಾಠದಲ್ಲಿ ಇರುವಂತೆ ಬರೆ."

ಹುಳುವಿಗೆ ಜ್ವರ ಬರುತ್ತದೆ. ರೇಷ್ಮೆ ಬೆಳೆಯುವ ರೈತರ ಮಾತಿನಲ್ಲಿ ಹುಳು ಪೊರೆ ಕಳಚುವ ಅವಧಿಗೆ ಜ್ವರ ಎಂದೇ ಹೆಸರು. ಒಂದನೇ ಜ್ವರ, ಎರಡನೇ ಜ್ವರ ಎಂದು ಅವರು ದಿನ ಲೆಕ್ಕ ಹಾಕುತ್ತಾರೆ. ಸುಮಾರು ಇಪ್ಪತ್ತೈದು ದಿನಗಳ ಹುಳುವಿನ ಬಾಳಿನಲ್ಲಿ ನಾಲ್ಕು ಜ್ವರ, ಅವುಗಳ ನಡುವೆ ಐದು ಹಂತ. ವಿಜ್ಞಾನದ ಪುಸ್ತಕವೂ ಇಷ್ಟನ್ನೇ ಹೇಳುತ್ತದೆ, ಪದ ಮಾತ್ರ ಬೇರೆ. ಮನೆಯಲ್ಲಿ ಉರ್ದು ಆಡುವ ಹುಡುಗಿಯೊಬ್ಬಳು ರೈತರ ಬಾಯಿಂದ ಒಂದು ಒಳ್ಳೆಯ ಕನ್ನಡ ಪದವನ್ನು ಕಲಿತು ಬಂದಿದ್ದಳು. ಕನ್ನಡ ಮಾಧ್ಯಮದ ಶಾಲೆಯೇ ಅದನ್ನು ಹೊಡೆದು ಹಾಕಿತು.

ಟೀಚರನ್ನು ನಾವು ಬಯ್ಯಲಾರೆವು. ಅವರು ಬೇರೆ ಜಿಲ್ಲೆಯಿಂದ ಬಂದವರು. ತೀರಾ ಕಡಿಮೆ ಸಂಬಳಕ್ಕೆ ಒಂದು ರಾತ್ರಿಯಲ್ಲಿ ಅರವತ್ತು ಪತ್ರಿಕೆ ತಿದ್ದುವವರು. ನಮ್ಮನ್ನು ಕಾಡಿದ್ದು ಬೇರೆ ಸಂಗತಿ. ಆ ಶಾಲೆಯಿಂದ ಎರಡು ಮೈಲಿ ನಡೆದರೆ ಹಿಪ್ಪುನೇರಳೆ ತೋಟ, ಹುಳು ಮನೆ ಎರಡೂ ಸಿಗುತ್ತವೆ. ಶಾಲೆ ಶುರುವಾದಾಗಿನಿಂದ ಒಂದು ತರಗತಿಯೂ ಅಲ್ಲಿಗೆ ಹೋಗಿಲ್ಲ. ಆದರೆ ಅದೇ ವರ್ಷ ತಲೆಗೆ ಇಷ್ಟು ಎಂದು ದುಡ್ಡು ಎತ್ತಿ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ನೀರಾಟದ ಪಾರ್ಕಿಗೆ ಕರೆದೊಯ್ದಿದ್ದರು. ಅದಕ್ಕೆ ಶೈಕ್ಷಣಿಕ ಪ್ರವಾಸ ಎಂದು ಹೆಸರು!

ಮಕ್ಕಳಿಗೆ ಹೊರಗಿನ ಪಾಠ ಎಂಬುದು ವರ್ಷಕ್ಕೊಮ್ಮೆಯ ಮೋಜು ಅಲ್ಲ, ಶ್ರೀಮಂತರ ಶೋಕಿಯೂ ಅಲ್ಲ. ಅದು ಕಲಿಕೆಯ ಬುಡ. ಬಡ ಮಗುವಿನ ಹತ್ತಿರ ಅದು ಪುಕ್ಕಟೆಯಾಗಿ ಇದೆ. ಆ ಬುಡವನ್ನೇ ಕಡಿದು ಕುಂಡದಲ್ಲಿ ನೆಟ್ಟು ಮಾರುವ ಕೆಲಸವನ್ನು ನಾವೆಲ್ಲ ಸೇರಿ ಮಾಡುತ್ತಿದ್ದೇವೆ. 'ನಾವೆಲ್ಲ' ಎಂದರೆ ಸರಕಾರ, ಶಾಲೆ ನಡೆಸುವವರು, ತಂದೆ ತಾಯಿಗಳು, ಅದರಲ್ಲೂ ನಮ್ಮ ಸಮುದಾಯದವರು.

ನಾವು ಓದಿದ್ದು ಎರಡು ಕೋಣೆಯ ಉರ್ದು ಪ್ರಾಥಮಿಕ ಶಾಲೆಯಲ್ಲಿ. ಜಾಗ ಸಾಲದ್ದರಿಂದ ಎರಡು ತರಗತಿಗಳು ಹೊಂಗೆ ಮರದ ಕೆಳಗೆ ಕೂರುತ್ತಿದ್ದವು. ಅದನ್ನು ಸ್ವರ್ಗ ಎಂದು ವರ್ಣಿಸುವ ಆಸೆ ನಮಗಿಲ್ಲ. ಬಡತನಕ್ಕಾಗಿ ಕೂತದ್ದು, ಮಳೆ ಬಂದರೆ ಪಾಠ ನಿಲ್ಲುತ್ತಿತ್ತು, ಬಿಸಿಲಾದರೆ ನೆರಳಿನ ಜೊತೆ ನಾವೂ ಸರಿಯಬೇಕಿತ್ತು. ಆದರೆ ನಮ್ಮ ಮಾಸ್ಟರ್ ಸಾಹೇಬರು ಬಡತನವನ್ನೇ ಪಾಠೋಪಕರಣ ಮಾಡಿಕೊಂಡಿದ್ದರು. ನೆರಳು ಎಷ್ಟು ಸರಿಯಿತು ಎಂದು ಕಡ್ಡಿ ನೆಟ್ಟು ಗುರುತು ಹಾಕಿಸುತ್ತಿದ್ದರು. ಮಗ್ಗಿಯನ್ನು ಹುಣಸೆ ಬೀಜದಲ್ಲಿ ಕಲಿಸಿದರು. ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದ ಹಾಗೆಲ್ಲ ಅಲ್ಲಿಗೆ ಕರೆದೊಯ್ದು, ಹೋದ ವಾರದ ಗುರುತಿನಿಂದ ಎಷ್ಟು ಹೆಜ್ಜೆ ಎಂದು ಅಳೆಸುತ್ತಿದ್ದರು. 'ಅಬ್ಬು ಖಾನ್ ಕೀ ಬಕ್ರೀ' ಎಂಬ ಕತೆ ಓದಿಸಿದ ದಿನ ಪಕ್ಕದ ಮನೆಯ ಮೇಕೆಯೊಂದು ನಮ್ಮ ಚೀಲಕ್ಕೆ ಬಾಯಿ ಹಾಕುತ್ತಿತ್ತು. ತಪ್ಪಿಸಿಕೊಂಡು ಬೆಟ್ಟಕ್ಕೆ ಓಡಿದ ಆ ಕತೆಯ ಮೇಕೆ ನಮಗೆ ಇವತ್ತಿಗೂ ಮರೆತಿಲ್ಲ.

ಆ ಕತೆ ಬರೆದವರು ಯಾರು? ಡಾ. ಝಾಕಿರ್ ಹುಸೇನ್. 1967ರಲ್ಲಿ ಭಾರತದ ರಾಷ್ಟ್ರಪತಿಯಾದವರು. ನಮ್ಮವರು ಸಭೆಗಳಲ್ಲಿ ಅವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ, ನಮ್ಮಲ್ಲೊಬ್ಬರು ರಾಷ್ಟ್ರಪತಿಯಾದರು ಎಂದು. ಆದರೆ ಅವರ ನಿಜವಾದ ಕೆಲಸ ಬೇರೆ ಇದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮೂಲ ಶಿಕ್ಷಣದ ವಿಚಾರವನ್ನು ಮುಂದಿಟ್ಟಾಗ, ಅದಕ್ಕೆ ರೂಪ ಕೊಡುವ ಸಮಿತಿಯ ಅಧ್ಯಕ್ಷರಾಗಿದ್ದವರು ಜಾಮಿಯಾ ಮಿಲ್ಲಿಯಾದ ಈ ಮೇಷ್ಟ್ರು. ಮಗುವಿನ ಕೈಕೆಲಸ, ಅದರ ಸುತ್ತಲಿನ ನಿಸರ್ಗ, ಅದರ ಸುತ್ತಲಿನ ಸಮಾಜ, ಈ ಮೂರರ ಜೊತೆ ಪಾಠ ಹೆಣೆದುಕೊಳ್ಳಬೇಕು ಎಂಬುದು ಆ ಯೋಜನೆಯ ತಿರುಳು. ಸ್ವಾತಂತ್ರ್ಯ ಬಂದ ಮೇಲೆ ಅದನ್ನು ನಾವು ಬಡವರ ಶಿಕ್ಷಣ ಎಂದು ಮೂಲೆಗೆ ತಳ್ಳಿದೆವು. ಈಗ ಅದೇ ಮಾತನ್ನು ದುಬಾರಿ ಶಾಲೆಗಳು ಇಂಗ್ಲಿಷಿನಲ್ಲಿ ಹೇಳಿದಾಗ ಬಾಗಿಲಲ್ಲಿ ಸಾಲು ನಿಲ್ಲುತ್ತೇವೆ. ಝಾಕಿರ್ ಸಾಹೇಬರ ಭಾವಚಿತ್ರ ಗೋಡೆಯಲ್ಲಿದೆ. ಅವರ ಮೇಕೆ ಮಾತ್ರ ಮತ್ತೆ ಗೂಟಕ್ಕೆ ಬಂದಿದೆ.

ಇನ್ನೊಂದು ಉದಾಹರಣೆ. ಮುಂಬಯಿಯಲ್ಲಿ 1896ರಲ್ಲಿ ಹುಟ್ಟಿದ, ತಂದೆ ತಾಯಿಯಿಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗನೊಬ್ಬ ಏರ್‌ಗನ್ನಿನಲ್ಲಿ ಗುಬ್ಬಚ್ಚಿಯಂಥ ಒಂದು ಹಕ್ಕಿಯನ್ನು ಹೊಡೆದ. ಅದರ ಕತ್ತಿನ ಮೇಲೆ ಹಳದಿ ಮಚ್ಚೆ ಇತ್ತು. ಇದು ಯಾವ ಹಕ್ಕಿ ಎಂದು ಮಾವನನ್ನು ಕೇಳಿದ. ಮಾವ 'ತಲೆ ತಿನ್ನಬೇಡ, ಓದಿಕೋ ಹೋಗು' ಎನ್ನಲಿಲ್ಲ. ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡು, ಗೊತ್ತಿರುವವರ ಹತ್ತಿರ ಕಳಿಸಿದ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಮಿಲ್ಲರ್ಡ್ ಎಂಬ ಕಾರ್ಯದರ್ಶಿ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ತೋರಿಸಿದರು. ಆ ಹುಡುಗನೇ ಸಲೀಂ ಅಲಿ. ಮುಂದೆ 1941ರಲ್ಲಿ ಭಾರತದ ಹಕ್ಕಿಗಳ ಮೇಲೆ ಅವರು ಬರೆದ ಪುಸ್ತಕ ತಲೆಮಾರುಗಳ ಕಣ್ಣು ತೆರೆಸಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಲು ಬಂದವರೂ ಅವರೇ. ಕಾವೇರಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ. ಮಕ್ಕಳ ಕೈಗೆ ಏರ್‌ಗನ್ ಕೊಡಿ ಎಂದು ನಾವು ಹೇಳುತ್ತಿಲ್ಲ. ಒಂದು ಮಗುವಿನ ಪ್ರಶ್ನೆಗೆ ಒಬ್ಬ ದೊಡ್ಡವರು ಬಾಗಿಲು ತೆರೆದರೆ ಎಷ್ಟು ದೂರದವರೆಗೆ ಬೆಳಕು ಹೋಗುತ್ತದೆ ಎಂಬುದನ್ನು ಹೇಳುತ್ತಿದ್ದೇವೆ. ಅದೇ ಹುಡುಗ ಇವತ್ತು ನಮ್ಮ ಮೊಹಲ್ಲಾದ ಶಾಲೆಯಲ್ಲಿ ಹಕ್ಕಿ ಹಿಡಿದು ಬಂದರೆ ಏನಾಗುತ್ತದೆ? ಕೈ ತೊಳೆದುಕೊಂಡು ಬಾ ಎನ್ನುತ್ತೇವೆ. ಅಲ್ಲಿಗೆ ಆ ಪಾಠ ಮುಗಿಯಿತು.

ಈಗ ನಮ್ಮ ಶಾಲೆಗಳ ಅಂಗಳ ನೋಡಿ. ನಮ್ಮವರೇ ನಡೆಸುವ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಹೋಗಿದ್ದೆವು. ಹಿಂದೆ ಅಲ್ಲಿ ದೊಡ್ಡ ಬೇವಿನ ಮರ ಇತ್ತು. ಎಲ್ಲಿ ಎಂದು ಕೇಳಿದೆವು. ಎಲೆ ಉದುರಿ ಕಸ ಆಗುತ್ತಿತ್ತು, ಮಳೆಗಾಲದಲ್ಲಿ ಕಂಬಳಿ ಹುಳು ಬೀಳುತ್ತಿತ್ತು, ಪಾಲಕರು ದೂರು ಕೊಟ್ಟರು, ತೆಗೆಸಿ ಟೈಲ್ಸ್ ಹಾಕಿಸಿದೆವು ಎಂದರು. ಆ ಟೈಲ್ಸಿನ ಸುತ್ತ ಎತ್ತರದ ಗೋಡೆ. ಗೋಡೆಯ ತುಂಬ ಬಣ್ಣದಲ್ಲಿ ಕಾಡು, ಹುಲಿ, ಜಲಪಾತ. ಇದ್ದ ಮರ ಕಡಿದು ಗೋಡೆಯ ಮೇಲೆ ಮರ ಬರೆಸಲು ಎಷ್ಟು ಖರ್ಚಾಯಿತೋ ಕೇಳಲಿಲ್ಲ. ಒಳಗೆ ಟೀಚರು 'ಸಸ್ಯದ ಭಾಗಗಳು' ಎಂಬ ಚಾರ್ಟಿಗೆ ಕೋಲು ತೋರಿಸುತ್ತಿದ್ದರು. ಬೇರು, ಕಾಂಡ, ಎಲೆ. ಮಕ್ಕಳು ರಾಗವಾಗಿ ಹೇಳುತ್ತಿದ್ದರು. ಆ ಮಕ್ಕಳಲ್ಲಿ ಎಷ್ಟು ಮಂದಿ ಒಂದು ಗಿಡವನ್ನು ಬೇರು ಸಮೇತ ಕಿತ್ತು ಮೂಸಿ ನೋಡಿದ್ದಾರೆ?

ಇನ್ನು ದೊಡ್ಡ ಊರುಗಳಲ್ಲಿ ನಿಸರ್ಗವೂ ಅಂಗಡಿಗೆ ಬಂದಿದೆ. ಬೇಸಿಗೆ ಬಂದರೆ ಸಾಕು, ಬೆಂಗಳೂರಿನ ಸುತ್ತ ಶಿಬಿರಗಳು. ಮಗು ಕೆಸರು ತುಳಿಯಲು ಇಷ್ಟು, ಹಸುವಿಗೆ ಹುಲ್ಲು ಹಾಕಲು ಇಷ್ಟು. ಕಳಿಸುವ ತಂದೆ ತಾಯಿಯನ್ನು ಆಡಿಕೊಳ್ಳಬೇಕಾಗಿಲ್ಲ. ಅವರ ಮಕ್ಕಳಿಗೂ ಮಣ್ಣು ಬೇಕು. ಆದರೆ ವಿಪರೀತ ನೋಡಿ. ಒಂದು ಮಗು ದುಡ್ಡು ಕೊಟ್ಟು ಮಣ್ಣು ಮುಟ್ಟಿದರೆ ಅದು ಅನುಭವ, ಸರ್ಟಿಫಿಕೇಟು. ಇನ್ನೊಂದು ಮಗು ಮನೆಯಿಂದಲೇ ಮಣ್ಣು ಮೆತ್ತಿಕೊಂಡು ಬಂದರೆ ಅದು ಕೊಳಕು, ಹಳ್ಳಿ ಗಮಾರತನ. ರೇಷ್ಮೆ ರೈತನ ಮಗಳ ಜ್ಞಾನಕ್ಕೆ ಒಂದು ಅಂಕ, ರೇಷ್ಮೆ ತೋಟ ನೋಡಲು ಬಂದ ಶಿಬಿರದ ಮಗುವಿಗೆ ಪದಕ.

ಸರಕಾರದ ಕಾಗದಗಳಲ್ಲಿ ಎಲ್ಲ ಸರಿಯಾಗಿಯೇ ಇದೆ. ಶಾಲೆಯ ಹೊರಗಿನ ಬದುಕಿಗೆ ಪಾಠವನ್ನು ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಪ್ರತಿ ಶಾಲೆಗೆ ಆಟದ ಮೈದಾನ ಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಚೀಲದ ಭಾರ ಇಳಿಸಿ, ತಿಂಗಳಿಗೊಂದು ಶನಿವಾರ ಚೀಲವಿಲ್ಲದೆ ಬರಲಿ ಎಂದು 2019ರಲ್ಲಿ ನಮ್ಮ ರಾಜ್ಯದ ಇಲಾಖೆ ಸುತ್ತೋಲೆ ಕಳಿಸಿತು. ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಚೀಲವಿಲ್ಲದ ಕಲಿಕೆ ಎಂದು 2020ರ ರಾಷ್ಟ್ರೀಯ ನೀತಿ ಬರೆಯಿತು. ಇವೆಲ್ಲಕ್ಕಿಂತ ಮೊದಲೇ, 1995ರಲ್ಲಿ, ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳಲ್ಲಿ 'ನಲಿ ಕಲಿ' ಶುರುವಾಗಿತ್ತು. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ಕಂಡು ಬಂದ ನಮ್ಮ ಮೇಷ್ಟ್ರುಗಳು ಬೆತ್ತ ಕೆಳಗಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂತರು. ಸರಕಾರಿ ಮೇಷ್ಟ್ರಿಗೆ ಸ್ವಾತಂತ್ರ್ಯ ಕೊಟ್ಟರೆ ಏನು ಮಾಡಬಲ್ಲರು ಎಂಬುದಕ್ಕೆ ಅದು ಸಾಕ್ಷಿ. ಆದರೆ ಒಂದು ತಾಲೂಕಿನ ಉತ್ಸಾಹ ಇಡೀ ರಾಜ್ಯದ ಆದೇಶವಾದಾಗ ಉಳಿಯುವುದು ಕಾರ್ಡು, ಚಾರ್ಟು, ವರದಿ. ಮೇಷ್ಟ್ರಿಗೆ ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲ ಹೊರಿಸಿ, ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಿರಿ ಎಂದರೆ ಯಾರು ಒಯ್ಯುತ್ತಾರೆ?

ಸರಕಾರವನ್ನು ಬಯ್ಯುವುದು ಸುಲಭ. ಓದುಗರು ಒಪ್ಪುತ್ತಾರೆ. ಈಗ ಒಪ್ಪಲು ಕಷ್ಟವಾದ ಮಾತಿಗೆ ಬರೋಣ.

ನಮ್ಮ ಮೊಹಲ್ಲಾಗಳಲ್ಲಿ ಹೊರಗೆ ಎಂಬುದು ಗಂಡು ಮಕ್ಕಳ ಸೊತ್ತು. ಇರುವ ಒಂದು ಖಾಲಿ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಹುಡುಗಿ ತಾರಸಿಯ ಮೇಲೆ ನಿಂತು ನೋಡುತ್ತಾಳೆ. ಆರನೆಯದೋ ಏಳನೆಯದೋ ತರಗತಿ ದಾಟಿದರೆ ತಾರಸಿಯೂ ಇಲ್ಲ. ಪ್ರವಾಸ ಎಂದರೆ ಬೇಡ, ಕೆರೆಯ ಕಡೆ ಎಂದರೆ ಬೇಡ, ಮೇಷ್ಟ್ರ ಜೊತೆ ಗುಡ್ಡ ಹತ್ತುವುದು ಬೇಡವೇ ಬೇಡ. ಕೇಳಿದರೆ ಮರ್ಯಾದೆ ಎನ್ನುತ್ತೇವೆ, ಕಾಲ ಕೆಟ್ಟಿದೆ ಎನ್ನುತ್ತೇವೆ. ಭಯ ಸುಳ್ಳಲ್ಲ. ಮಕ್ಕಳ ಮೇಲೆ ನಡೆಯುವ ಕೃತ್ಯಗಳ ಸುದ್ದಿ ಓದಿದರೆ ಯಾವ ತಾಯಿಗೂ ನಿದ್ದೆ ಬರುವುದಿಲ್ಲ. ಮುಸ್ಲಿಮ್ ಮಗುವನ್ನು ಹೊರಗೆ ಕಳಿಸುವ ತಾಯಿಗೆ ಇನ್ನೊಂದು ಭಯವೂ ಇದೆ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಭಯಕ್ಕೆ ಮದ್ದು ಇನ್ನಷ್ಟು ಟೀಚರುಗಳು ಜೊತೆಗೆ ಹೋಗುವುದು, ತಾಯಂದಿರೇ ಸರದಿಯಲ್ಲಿ ಜೊತೆಗೂಡುವುದು. ಬೀಗ ಮದ್ದಲ್ಲ. ನಮ್ಮ ಅಜ್ಜಿಯರು ಸೌದೆಗೆ ಹೋದವರು, ಕೆರೆಯಲ್ಲಿ ಬಟ್ಟೆ ಒಗೆದವರು, ಹೊಂಗೆ ಬೀಜ ಆಯ್ದು ಮಾರಿದವರು. ಯಾವ ಸೊಪ್ಪು ಯಾವ ಕಾಯಿಲೆಗೆ ಎಂದು ಅವರಿಗೆ ಗೊತ್ತಿತ್ತು. ಅವರ ಮರ್ಯಾದೆ ಹೋಗಿರಲಿಲ್ಲ. ಓದು ಕಲಿಯದ ಅಜ್ಜಿಗೆ ಗೊತ್ತಿದ್ದ ಹತ್ತು ಗಿಡದ ಹೆಸರು ಎಸ್ಸೆಸ್ಸೆಲ್ಸಿ ಪಾಸಾದ ಮೊಮ್ಮಗಳಿಗೆ ಗೊತ್ತಿಲ್ಲ. ಮಗಳ ಮದುವೆಗೆಂದು ಸೈಟು ಕೊಂಡಿಡುವ ನಾವು, ಅವಳು ಬರಿಗಾಲಲ್ಲಿ ನಿಲ್ಲಲು ಒಂದು ಚದರಡಿ ನೆಲ ಬಿಟ್ಟಿದ್ದೇವೆಯೇ?

ಇಲ್ಲೊಂದು ಎಚ್ಚರಿಕೆಯನ್ನು ನಾವೇ ಹೇಳಿಕೊಳ್ಳಬೇಕು. ನಮ್ಮ ವಾದವನ್ನು ಕೇಳಿ ಯಾರಾದರೂ, ಸರಿ ಹಾಗಾದರೆ, ಮಕ್ಕಳು ಕಸುಬಿನಲ್ಲೇ ಕಲಿಯಲಿ, ಶಾಲೆ ಯಾಕೆ ಎಂದರೆ, ಅವರಿಗಿಂತ ದೊಡ್ಡ ವೈರಿ ನಮಗಿಲ್ಲ. ರೇಷ್ಮೆ ಊರುಗಳಲ್ಲಿ ಬೆಳೆದ ನಮಗೆ ಚರಕ ತಿರುಗಿಸುತ್ತಿದ್ದ ಮಕ್ಕಳ ಮುಖ ನೆನಪಿದೆ. ಕುದಿ ನೀರಿನಲ್ಲಿ ಕೈ ಅದ್ದಿ ಎಳೆ ಹುಡುಕಿ ಬೆರಳು ಬಿಳಚಿಕೊಂಡ ಮಕ್ಕಳನ್ನು ಕಂಡಿದ್ದೇವೆ. ಸಾಲಕ್ಕೆ ಒತ್ತೆಯಾಗಿದ್ದ ಅಂಥ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿಯನ್ನೇ ಪ್ರಕಟಿಸಿತು. ದುಡಿಮೆಯ ಮಗುವಿಗೆ ಪ್ರಶ್ನೆ ಕೇಳಲು ಸಮಯವಿಲ್ಲ, ಕೇಳಿದರೆ ಏಟು. ಕಲಿಯುವ ಮಗುವಿಗೆ ಪ್ರಶ್ನೆಯೇ ಕೆಲಸ. ಹುಳು ಮನೆಗೆ ಮೇಷ್ಟ್ರ ಜೊತೆ ಹೋಗಿ, ನೋಡಿ, ಅಳೆದು, ಬರೆದು, ಸಂಜೆ ಮನೆಗೆ ಬರುವುದು ಪಾಠ. ಅಲ್ಲೇ ಉಳಿದು ಸೊಪ್ಪು ಹೊರುವುದು ಜೀತ. ಈ ಗೆರೆಯನ್ನು ಯಾರೂ ಅಳಿಸಕೂಡದು.

ಪರೀಕ್ಷೆಗೆ ಇದರಿಂದ ಏನು ಲಾಭ ಎಂದು ಪಾಲಕರು ಕೇಳುತ್ತಾರೆ. ಆಗಲಿ, ಲಾಭದ ಲೆಕ್ಕವನ್ನೇ ಹಾಕೋಣ. ರೈತರು ನೂರು ಮೊಟ್ಟೆ ಎನ್ನುತ್ತಾರೆ. ಅದು ನೂರು ಚಿಟ್ಟೆಗಳು ಇಟ್ಟ ಮೊಟ್ಟೆ. ಒಂದೊಂದು ಚಿಟ್ಟೆ ಇಡುವುದು ಸುಮಾರು ನಾನೂರು, ಐನೂರು. ಹಾಗಾದರೆ ನೂರು ಮೊಟ್ಟೆಗೆ ಹುಳು ಎಷ್ಟು? ಇದು ಗುಣಾಕಾರ. ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನ ನೂರರಲ್ಲಿ ಎಂಬತ್ತು ಪಾಲಿಗಿಂತ ಹೆಚ್ಚನ್ನು ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನುತ್ತದೆ. ಇದು ಶೇಕಡಾವಾರು. ಪಕ್ಕದ ಹೊಲದವರು ಔಷಧಿ ಹೊಡೆದರೆ ಆ ಸೊಪ್ಪು ತಿಂದು ಹುಳು ಸಾಯುತ್ತದೆ. ಇದು ಪರಿಸರ. ಈ ಕಸುಬು ಮೈಸೂರು ಸೀಮೆಯಲ್ಲಿ ಬೇರು ಬಿಟ್ಟದ್ದು ಟಿಪ್ಪು ಸುಲ್ತಾನರ ಕಾಲದಲ್ಲಿ, ಬಂಗಾಳದಿಂದ ಹುಳು ತರಿಸಿ. ಇದು ಚರಿತ್ರೆ. ಬೆಳೆದವನು ಒಕ್ಕಲಿಗ, ನೂಲು ಬಿಚ್ಚಿದವನು ಮುಸಲ್ಮಾನ, ಸೀರೆ ನೇಯ್ದವನು ನೇಕಾರ, ಉಟ್ಟವಳು ಇನ್ನಾರೋ. ಇದು ಸಮಾಜ, ಒಬ್ಬರ ಅಂಗಡಿಗೆ ಇನ್ನೊಬ್ಬರು ಹೋಗಬೇಡಿ ಎನ್ನುವವರಿಗೆ ಒಂದು ರೇಷ್ಮೆ ಎಳೆ ಕೊಡುವ ಉತ್ತರ. ಕೊನೆಗೆ, ಗೂಡಿನೊಳಗಿನ ಜೀವ ಬಿಸಿಗೆ ಸಾಯುತ್ತದಲ್ಲ, ಅದು ಸರಿಯೇ ಎಂದು ಮಗು ಕೇಳುತ್ತದೆ. ಇದಕ್ಕೆ ನಮ್ಮ ಹತ್ತಿರ ಸಿದ್ಧ ಉತ್ತರವಿಲ್ಲ. ಆದರೆ ಯಾವ ಚಾರ್ಟೂ ಮಗುವಿನ ಬಾಯಿಂದ ಈ ಪ್ರಶ್ನೆಯನ್ನು ಹೊರಡಿಸಲಾರದು.

ತೇಜಸ್ವಿಯವರ 'ಕರ್ವಾಲೊ' ಕಾದಂಬರಿ 1980ರಲ್ಲಿ ಬಂತು. ಅದರಲ್ಲಿ ದೊಡ್ಡ ವಿಜ್ಞಾನಿಯೊಬ್ಬರು ಹಳ್ಳಿಯ ಮಂದಣ್ಣನಿಗೆ ಬೆಲೆ ಕೊಡುತ್ತಾರೆ. ಯಾಕೆಂದರೆ ಹಾರುವ ಓತಿಯನ್ನು ಕಂಡವನು ಅವನು. ಕನ್ನಡಿಗರು ಅದನ್ನು ಮೆಚ್ಚಿ ಓದಿದ್ದೇವೆ, ಪಠ್ಯವನ್ನೂ ಮಾಡಿದ್ದೇವೆ. ಆದರೆ ನಮ್ಮ ಶಾಲೆಗಳಲ್ಲಿ ದಿನವೂ ಕೂರುವ ಮಂದಣ್ಣರನ್ನು ಹಿಂದಿನ ಬೆಂಚಿಗೆ ಕಳಿಸುತ್ತೇವೆ. ಸಾಹಿತ್ಯವನ್ನು ಮೆಚ್ಚುವುದಕ್ಕೆ ಖರ್ಚಿಲ್ಲ, ಅದನ್ನು ನಂಬುವುದಕ್ಕೆ ಖರ್ಚಿದೆ.

ಆ ಹುಡುಗಿಗೆ, ನೀನು ಬರೆದದ್ದು ತಪ್ಪಲ್ಲ ಎಂದೆವು. "ಮತ್ತೆ ಮಾರ್ಕು?" ಎಂದಳು. ನಮ್ಮ ಬಳಿ ಉತ್ತರ ಇರಲಿಲ್ಲ. ಆರು ತಿಂಗಳ ಮೇಲೆ ಅವಳ ತಂದೆ ಸಿಕ್ಕಿದ್ದರು. ಅದೇ ಪ್ರಶ್ನೆ ಮತ್ತೆ ಬಂದಿತ್ತಂತೆ. ಹುಡುಗಿ ಈ ಸಲ ಬಣ್ಣದ ಚಿಟ್ಟೆಯ ಬಗ್ಗೆ ಪಾಠದಲ್ಲಿ ಇದ್ದ ಹಾಗೆ ನಾಲ್ಕು ಸಾಲು ಬರೆದಳಂತೆ. ಐದಕ್ಕೆ ಐದು. ತಂದೆಗೆ ಸಂತೋಷ. ನಮಗೆ ಮಾತ್ರ ಮನೆಯಲ್ಲಿ ಏನೋ ಕಳೆದುಹೋದ ಹಾಗಾಯಿತು.

ನಾವು ಕೇಳುವುದು ದೊಡ್ಡದಲ್ಲ. ಪ್ರತಿ ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದು ಅವಧಿ ಗೇಟಿನ ಹೊರಗೆ ನಡೆಯಲಿ, ಹುಡುಗರಿಗೂ ಹುಡುಗಿಯರಿಗೂ. ತಿಂಗಳಿಗೊಬ್ಬ ರೈತ, ಗೊಂಬೆ ಕಡೆಯುವವನು, ನಾಟಿ ಮದ್ದು ಬಲ್ಲ ಅಜ್ಜಿ ತರಗತಿಗೆ ಬಂದು ಮೇಷ್ಟ್ರ ಕುರ್ಚಿಯಲ್ಲಿ ಕೂರಲಿ. ಅಂಗಳದ ಟೈಲ್ಸಿನಲ್ಲಿ ನಾಲ್ಕನ್ನಾದರೂ ಕಿತ್ತು ಒಂದು ಗಿಡ ನೆಡಲಿ, ಅದರ ಎಲೆ ಉದುರಲಿ, ಹುಳು ಬೀಳಲಿ. ಉತ್ತರ ಪತ್ರಿಕೆಯಲ್ಲಿ ತನಗೆ ಗೊತ್ತಿಲ್ಲದ ಪದ ಕಂಡಾಗ ಟೀಚರು ಕೆಂಪು ಪೆನ್ನು ಎತ್ತುವ ಮೊದಲು ಮಗುವನ್ನು ಕರೆದು ಒಂದು ಮಾತು ಕೇಳಲಿ: ಇದೇನಮ್ಮ, ನನಗೂ ತೋರಿಸು.